ಮಾಮಾನ ಗಾಡಿ ಎಷ್ಟು ಕೊಡುತ್ತಿತ್ತು

ಗಾಡಿ ಹತ್ತಿದ ಕೂಡಲೇ ಮಾಮಾ ಬಲಗಾಲಿನ ಚಪ್ಪಲಿ ಬಿಚ್ಚಿಡುತ್ತಿದ್ದ. ಎಡಗಾಲಿನದು ಹಾಗೇ ಇರುತ್ತಿತ್ತು. ಒಡೆದ ಹಿಮ್ಮಡಿ, ಉಗುರು ಕಪ್ಪಾದ ಹೆಬ್ಬೆರಳು. ಆ ಬರಿಗಾಲನ್ನು ಆಕ್ಸಿಲರೇಟರಿನ ಮೇಲೆ, ಮಲಗಿದ ಕೂಸಿನ ಮೈ ಮುಟ್ಟುವಷ್ಟು ಹಗುರಾಗಿ ಇಡುತ್ತಿದ್ದ. "ಎಷ್ಟ ಒತ್ತೇನಿ ಅನ್ನೂದು ಕಾಲಿಗೆ ತಿಳೀಬೇಕು. ಚಪ್ಪಲಿಗೇನ ತಿಳೀತೈತಿ?" ಅನ್ನುತ್ತಿದ್ದ.

ಮಾಮಾ ನನ್ನ ಅವ್ವನ ತಮ್ಮ. ಅಣ್ಣಿಗೇರಿಯಲ್ಲಿ ಬೀಜ-ಗೊಬ್ಬರದ ಅಂಗಡಿ, ಮನೆ ನಮ್ಮ ಓಣಿಯಲ್ಲೇ. ಮಕ್ಕಳಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಅತ್ತೆಯ ಕಿಡ್ನಿ ಕೈಕೊಟ್ಟು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹುಬ್ಬಳ್ಳಿಗೆ ಹೋಗಬೇಕಾದಾಗ ಡೀಸೆಲ್‌ನ ಸಣ್ಣ ಎಸ್‌ಯುವಿಯೊಂದನ್ನು ಕೊಂಡ. ಹತ್ತಿ ಇಳಿಯಲು ಅತ್ತೆಗೆ ಎತ್ತರ ಸರಿಯಾಗುತ್ತದೆ ಎಂಬುದು ಅವನ ಲೆಕ್ಕ. ಬರುವಾಗ ಆಕೆ ಹಿಂಡಿದ ಬಟ್ಟೆಯಂತಾಗಿರುತ್ತಿದ್ದಳು. ಹಿಂದಿನ ಸೀಟಿನಲ್ಲಿ ಆಕೆಯನ್ನು ಹಿಡಿದುಕೊಂಡು ಕೂಡುವುದು ನನ್ನ ಕೆಲಸವಾಗಿತ್ತು.

ಆ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಒಂದು ಅಂಕಿ ಮೂಡುತ್ತಿತ್ತು, ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡುತ್ತಿದೆ ಎಂದು. ಮಾಮಾನ ಜೀವ ಅದರ ಮೇಲೆ. ಬೆಳಗಿನ ತಂಪಿನಲ್ಲೇ ಟಯರಿನ ಗಾಳಿ ನೋಡಬೇಕು. ಮೇಲಿನ ಕ್ಯಾರಿಯರ್ ಬಿಚ್ಚಿ ಅಟ್ಟಕ್ಕೆ ಹಾಕಿದ. ಡಿಕ್ಕಿಯಲ್ಲಿ ಬೇಡದ ಒಂದು ಚೀಲವೂ ಇರಕೂಡದು. ಮಳೆಗಾಲದಲ್ಲಿ ಗಾಲಿಗೆ ಮೆತ್ತಿದ ಎರೆಮಣ್ಣನ್ನು ಕುರ್ಪಿಯಿಂದ ಕೆರೆದು ಕೆರೆದು ತೆಗೆಯುತ್ತಿದ್ದ. ಆ ಮಣ್ಣಿನ ಭಾರವೂ ಡೀಸೆಲ್ ತಿನ್ನುತ್ತದಂತೆ. ರೈಲ್ವೆ ಗೇಟು ಬಿದ್ದರೆ ಎಂಜಿನ್ ಬಂದ್. ದೂರದಲ್ಲಿ ಹಂಪ್ ಕಂಡರೆ ಸಾಕು, ಕಾಲು ಮೇಲೇಳುತ್ತಿತ್ತು. ಗಾಡಿ ತಾನಾಗಿ ನಿಧಾನವಾಗುತ್ತ ಹೋಗಿ ಹಂಪ್ ದಾಟುತ್ತಿತ್ತು. ಬ್ರೇಕ್ ಒತ್ತುವುದೆಂದರೆ ಅವನಿಗೆ ಹಾಲು ಚೆಲ್ಲಿದಷ್ಟು ಸಂಕಟ. ಉಳ್ಳಾಗಡ್ಡಿ ತುಂಬಿದ ಟ್ರ್ಯಾಕ್ಟರುಗಳೂ ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದವು.

"ಅಲ್ರೀ, ಹಿಂದ ಚಕ್ಕಡಿ ಬಂದೈತಿ, ಬಾಜು ಕೊಡ್ರಿ ಪಾಪ," ಎಂದು ಅತ್ತೆ ಮಲಗಿದಲ್ಲಿಂದಲೇ ಚೇಷ್ಟೆ ಮಾಡುತ್ತಿದ್ದಳು.

"ನಗು ನಗು. ಇಪ್ಪತ್ತೆರಡ ಕೊಡಾಕತ್ತೈತಿ," ಎಂದು ಮಾಮಾ ಕನ್ನಡಿಯಲ್ಲಿ ಆಕೆಯನ್ನು ನೋಡುತ್ತಿದ್ದ.

ಜಿಪುಣ ಎಂದು ಓಣಿಯವರು ಆಡಿಕೊಂಡರು. ನಾನೂ ಕೆಲವು ದಿನ ಹಾಗೇ ತಿಳಿದಿದ್ದೆ. ಆದರೆ ವಾಪಸು ಬರುವಾಗ ಅತ್ತೆಗೆ ಬೆವರು ಬಂತೆಂದರೆ ಹೇಳುವ ಮೊದಲೇ ಏಸಿ ಹಾಕುತ್ತಿದ್ದ, ಅಂಕಿ ಸರ್ರನೆ ಇಳಿದರೂ ಹುಬ್ಬು ಗಂಟಿಕ್ಕುತ್ತಿರಲಿಲ್ಲ. ಜಿಪುಣರು ಹಾಗೆ ಮಾಡುವುದಿಲ್ಲ. ಅತ್ತೆಯ ರಿಪೋರ್ಟುಗಳಲ್ಲಿ ಇಳಿಯಬೇಕಾದದ್ದು ಏರುತ್ತಿತ್ತು, ಏರಬೇಕಾದದ್ದು ಇಳಿಯುತ್ತಿತ್ತು. ಅವನ ಮಾತು ಕೇಳುವ ಅಂಕಿ ಲೋಕದಲ್ಲಿ ಡ್ಯಾಶ್‌ಬೋರ್ಡಿನದೊಂದೇ ಉಳಿದಿತ್ತು.

ಅತ್ತೆಗೆ ಒಂದು ಆಸೆಯಿತ್ತು. ಆಕೆಯ ತವರಿನವರು ವರ್ಷಕ್ಕೊಮ್ಮೆ ಯಮನೂರಿನ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು, ಅಂದರೆ ಸಕ್ಕರೆ ಇಟ್ಟು ಹರಕೆಯ ಪ್ರಾರ್ಥನೆ ಹೇಳಿಸಿಕೊಂಡು, ಬರುವವರು. ಕಾಯಿಲೆ ಬಿದ್ದ ಮೇಲೆ ಅದು ತಪ್ಪಿಹೋಗಿತ್ತು. "ಸಕ್ಕರಿ ನನಗ ತಿನ್ನಾಕಂತೂ ಬರಂಗಿಲ್ಲ, ಓದಸಾಕರ ಬರತೈತಲ್ಲ, ಕರಕೊಂಡ ಹೋಗ್ರಿ," ಎಂದು ಒಂದು ದಿನ ಕೇಳಿದಳು. ಮಾಮಾ ಅಂಕಿಯ ಕಡೆ ಕೈ ಮಾಡಿ, "ಇಪ್ಪತ್ತೈದು ಮುಟ್ಟಲಿ, ಅವತ್ತs ಯಮನೂರಿಗೆ ಹೋಗೂಣು," ಎಂದ. ಅಂದಿನಿಂದ ಗಾಡಿ ಹತ್ತಿದ ಕೂಡಲೇ ಅತ್ತೆ ನನ್ನನ್ನು ತಿವಿದು, "ಎಷ್ಟ ಐತಿ ನೋಡ ಬೇ," ಅನ್ನುವುದು ರೂಢಿಯಾಯಿತು. ಇಪ್ಪತ್ತಮೂರು ದಾಟುತ್ತಿತ್ತು. ಅಷ್ಟರಲ್ಲಿ ಏಸಿ ಬೇಕಾಗುತ್ತಿತ್ತು, ಇಲ್ಲವೇ ಹುಬ್ಬಳ್ಳಿಯ ಟ್ರಾಫಿಕ್ಕು ಅದನ್ನು ನುಂಗುತ್ತಿತ್ತು.

ಅತ್ತೆಯ ಕಾಲು ಬಾತು ಚಪ್ಪಲಿ ಹಿಡಿಯದಂತಾದಾಗ ನನಗೆ ಸಿಟ್ಟು ಬಂತು. ಆಸ್ಪತ್ರೆಯ ಅಂಗಳದಲ್ಲೇ ಮಾಮಾನನ್ನು ಕೇಳಿದೆ, "ಇದೇನ ಹಟಾ ಮಾಮಾ? ನಾಳೇನs ಹೋಗಿ ಬರೂಣು. ಅಂಕಿ ತಗೊಂಡ ಏನ ಮಾಡೂದೈತಿ?"

ಮಾಮಾ ಟಯರನ್ನು ಕಾಲಿನಿಂದ ಒತ್ತಿ ನೋಡುತ್ತ ನಿಂತಿದ್ದ. "ಡಾಕ್ಟರ್ ನನಗ ಹೇಳ್ಯಾರವಾ. ಇನ್ನ ಭಾಳ ದಿನಾ ಇಲ್ಲಂತ," ಎಂದ. "ಹೋಗಿ ಬಂದ್ವಿ ಅಂದ್ರ ಆಕಿಗೆ ಮುಂದ ಏನ ಐತಿ? ಕಾಯಾಕ ಏನರ ಒಂದ ಇರ್ಲಿ."

ಅದು ತಪ್ಪೆಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆದರೂ ಹೋಗಿ ಗಾಡಿಯಲ್ಲಿ ಕುಳಿತೆ.

ಆಷಾಢದ ಒಂದು ಮಧ್ಯಾಹ್ನ, ಮಷೀನಿಗೆ ಹಚ್ಚಿದ್ದಾಗಲೇ ಅತ್ತೆಯ ಬಿ.ಪಿ. ಇಳಿಯಿತು. ಮತ್ತೆ ಏರಲಿಲ್ಲ.

ಆಕೆಯನ್ನು ಆಂಬ್ಯುಲೆನ್ಸಿನಲ್ಲಿ ಊರಿಗೆ ತಂದೆವು. ಸುದ್ದಿ ಕೇಳಿ ಬಂದಿದ್ದ ಅವ್ವ ಜೊತೆಗೆ ಕುಳಿತಳು. ಬೇರೆ ಯಾರಾದರೂ ಗಾಡಿ ತರಲಿ ಎಂದರೆ ಮಾಮಾ ಕೇಳಲಿಲ್ಲ. ಚಪ್ಪಲಿ ಬಿಚ್ಚಿಟ್ಟು ತಾನೇ ಹೊರಟ, ನಾನು ಬಾಜು ಕುಳಿತೆ. ಆಂಬ್ಯುಲೆನ್ಸಿಗೆ ಅವಸರವಿರಲಿಲ್ಲ. ಅದು ಒಂದೇ ವೇಗದಲ್ಲಿ ನಿಧಾನ ಹೋಗುತ್ತಿತ್ತು, ನಾವು ಅದರ ಹಿಂದೆ. ಏಸಿ ಬೇಡವಾಗಿತ್ತು. ಪಡುವಣ ಗಾಳಿ ಬೆನ್ನ ಹಿಂದಿನಿಂದ ಗಾಡಿಯನ್ನು ದೂಡುತ್ತಿತ್ತು. ಎರಡೂ ಕಡೆ ಎರೆಹೊಲ, ಅದರಲ್ಲಿ ಆಗಷ್ಟೇ ಎದ್ದ ಹೆಸರಿನ ಬೆಳೆ. ಊರು ಇನ್ನೇನು ಬಂತು ಅನ್ನುವಾಗ ಮಾಮಾ ಬೆರಳು ಚಾಚಿ ಡ್ಯಾಶ್‌ಬೋರ್ಡ್ ತೋರಿಸಿದ.

"ಇಪ್ಪತ್ತೈದು ಆತವಾ," ಎಂದ.

ನಾನು ಅಭ್ಯಾಸಬಲದಿಂದ ಹಿಂದಿನ ಸೀಟಿನ ಕಡೆ ತಿರುಗಿದೆ. ಅಲ್ಲಿ ಅತ್ತೆಯ ಶಾಲು ಮಾತ್ರ ಇತ್ತು.

ಕ್ರಿಯಾಕರ್ಮ ಮುಗಿದ ಮೇಲೆ ಮಾಮಾ ಕೀಲಿಕೈಯನ್ನು ನನ್ನ ಕೈಗಿಟ್ಟು, ಯಮನೂರಿಗೆ ನಡಿ ಎಂದ. ನನಗೆ ಗಾಡಿ ಕಲಿಸಿದವನು ಅವನೇ. ತಾನು ಹಿಂದೆ ಹೋಗಿ ಅತ್ತೆಯ ಜಾಗದಲ್ಲಿ ಕುಳಿತ. "ಜೋರ ಹೊಡಿ. ಇನ್ನ ಯಾರಿಗೆ ಉಳಸೂದೈತಿ?" ಎಂದ. ನನ್ನಿಂದಾಗಲಿಲ್ಲ. ಹಂಪ್ ಕಂಡಲ್ಲೆಲ್ಲ ಕಾಲು ತಾನೇ ಮೇಲೇಳುತ್ತಿತ್ತು.

ದರ್ಗಾದಲ್ಲಿ ಸಕ್ಕರೆ ಓದುವ ಹಿರಿಯರು ಯಾರ ಹೆಸರಲ್ಲಿ ಎಂದು ಕೇಳಿದರು. ಮಾಮಾ ಅತ್ತೆಯ ಹೆಸರು ಹೇಳಿದ. "ಏನ ಬೇಡ್ಕೋತೀರಿ?" ಎಂದಾಗ ಸಕ್ಕರೆಯ ಪೊಟ್ಟಣ ಅವರ ಮುಂದಿಟ್ಟು, "ಏನೂ ಇಲ್ರಿ," ಎಂದ.

ಬರುವಾಗ ಮುಂದೆ ಕುಳಿತ ಮಾಮಾನಿಗೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ಸೂಜಿ ತೆಗೆದ ಮೇಲೆ ಅತ್ತೆಯ ಕೈಗೆ ಹಚ್ಚುತ್ತಿದ್ದ ಬಿಳಿ ಅಂಟುಪಟ್ಟಿಯ ಸುರುಳಿ ಸಿಕ್ಕಿತು. ಒಂದು ತುಂಡು ಹರಿದು ಆ ಅಂಕಿಯ ಮೇಲೆ ಅಂಟಿಸಿದ. ಆಮೇಲೆ ಅವನು ಗಾಡಿ ಮುಟ್ಟಲಿಲ್ಲ, ಅಂಗಡಿಯ ಬಾಗಿಲನ್ನೂ ಸರಿಯಾಗಿ ತೆರೆಯಲಿಲ್ಲ. ಮುಂದಿನ ಮುಂಗಾರಿಗೆ ಅವನೂ ಇರಲಿಲ್ಲ. ಇಂಥದೇ ಕಾಯಿಲೆ ಎಂದು ಯಾರೂ ಹೇಳಲಿಲ್ಲ.

ಗಾಡಿ ಈಗ ನನ್ನ ಹತ್ತಿರ ಇದೆ. ನಾನೂ ಬಲಗಾಲಿನ ಚಪ್ಪಲಿ ಬಿಚ್ಚಿಟ್ಟೇ ನಡೆಸುತ್ತೇನೆ. ಡೀಸೆಲ್ ಹಾಕುವವರು, ಚಹಾದಂಗಡಿಯವರು, ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಎಷ್ಟ ಕೊಡತೈತ್ರಿ ಅಕ್ಕಾರ?"

"ನೋಡಿಲ್ರಿ," ಅನ್ನುತ್ತೇನೆ. ಪಟ್ಟಿಯ ಅಂಚು ಬಿಸಿಲಿಗೆ ಎದ್ದಿರುತ್ತದೆ. ಹೆಬ್ಬೆರಳಿನಿಂದ ಒತ್ತಿ ಮತ್ತೆ ಕೂಡಿಸುತ್ತೇನೆ.