ಜೂನಿಯರ್ ದರಕ್ಕೆ ಸೀನಿಯರ್

ತಿರುಪ್ಪೂರಿನ ನನ್ನ ಬನಿಯನ್ ಕಂಪನಿಗೆ ಟೇಲರ್ ಬಂದರೆ ನಾನು ಪದವಿ ಕೇಳುವುದಿಲ್ಲ. ತುಂಡು ಬಟ್ಟೆ ಕೊಟ್ಟು ಕತ್ತಿನ ಪಟ್ಟಿ ಹೊಲಿಸುತ್ತೇನೆ. ಸುಕ್ಕಿಲ್ಲದೆ ಕೂತರೆ ಟೇಲರ್, ಇಲ್ಲದಿದ್ದರೆ ಹೆಲ್ಪರ್. ಇಷ್ಟು ತಿಳಿದವನು ಸಾಫ್ಟ್‌ವೇರ್ ವಿಷಯದಲ್ಲಿ ಮಾತ್ರ ವಿಸಿಟಿಂಗ್ ಕಾರ್ಡ್ ನಂಬಿ ಕೆಟ್ಟೆ.

ಪೆಟ್ಟಿಗೆಗಳಿಗೆ ಸೈಜಿನ ಚೀಟಿ ಮುದ್ರಿಸುವ ಪ್ರೋಗ್ರಾಂ ಬೇಕಿತ್ತು. ಕೊಯಮತ್ತೂರಿನ ಒಂದು ಸಾಫ್ಟ್‌ವೇರ್ ಕಂಪನಿಯವರು ಒಬ್ಬ ಜೂನಿಯರ್ ಡೆವಲಪರ್ ಹುಡುಗಿಯಿಂದ ಮಾಡಿಸಿಕೊಟ್ಟರು. ಮಡತ್ತುಕುಳಂ ಕಡೆಯವಳು, ಮನೆಮಾತು ನಮ್ಮಂತೆ ಕನ್ನಡ. ಆಮೇಲೆ ನೋಡಿದರೆ ದೊಡ್ಡ ಸೈಜಿನ ಪೆಟ್ಟಿಗೆಗೆ ಸಣ್ಣದರ ಚೀಟಿ! ಇನ್ನೊಮ್ಮೆ ಹೀಗಾದರೆ ಆರ್ಡರ್ ಇಲ್ಲ ಎಂದರು ಖರೀದಿದಾರರು.

ಮುಂದಿನ ಲಾರಿ ಹೊರಡುವ ಮೊದಲು ಸರಿಯಾಗಲೇಬೇಕಿತ್ತು. "ಸೀನಿಯರನ್ನೇ ಕಳಿಸಿ, ದರ ಮಾತ್ರ ಜೂನಿಯರದು" ಎಂದು ಅವರ ಮ್ಯಾನೇಜರನೊಂದಿಗೆ ಪಟ್ಟು ಹಿಡಿದೆ. ಒಂದೇ ಮಾತಿಗೆ ಒಪ್ಪಿದ. ಮಾರುವವನು ಗೊಣಗದೆ ಒಪ್ಪಿದರೆ ಸರಕನ್ನು ಮಗುಚಿ ನೋಡಬೇಕು, ನಾನು ನೋಡಲಿಲ್ಲ.

ಲಾರಿಯ ದಿನ ಬೆಳಿಗ್ಗೆ ಅದೇ ಹುಡುಗಿ ಬಂದಳು. ಕೊಟ್ಟ ವಿಸಿಟಿಂಗ್ ಕಾರ್ಡು ಮಾತ್ರ ಹೊಸದು.

"ಏನಮ್ಮಣಿ, ಸೀನಿಯರ್ ಎಲ್ಲಿ?"

"ನಾನೇಂಗಣ್ಣಾ ಸೀನಿಯರ್. ಹೋದ ವಾರ ಮಾಡಿದ್ರು."

"ಯಾಕಂತೆ?"

"ನೀವೇ ಕೇಳಿದ್ರಂತಲ್ಲಾ! ನಮ್ಮಲ್ಲಿ ಎರಡು ವರ್ಷಕ್ಕೆ ಸೀನಿಯರ್. ನನ್ನ ಫ್ರೆಂಡ್ ಕಂಪನೀಲಿ ಆರು ವರ್ಷ ಆದ್ರೂ ಬರೀ ಡೆವಲಪರ್."

ಲೆಕ್ಕ ನೋಡುತ್ತಿದ್ದ ನನ್ನ ಹೆಂಡತಿ ನಕ್ಕುಬಿಟ್ಟಳು. "ಚೌಕಾಶಿ ಮಾಡಿ ಹೆಸರು ತಂದಿದೀರಿ, ಆಳು ಅದೇ!"

ಮೈ ಉರಿಯಿತು. ಕಾರ್ಡನ್ನು ಮೇಜಿನ ಮೇಲೆಸೆದು, "ಚೀಟಿ ಯಾಕೆ ತಪ್ತು, ಅದನ್ನ ಹೇಳು" ಎಂದೆ. ಅವಳು ಕಂಪ್ಯೂಟರ್ ಮುಟ್ಟಲಿಲ್ಲ. ಪ್ಯಾಕಿಂಗ್ ಮೇಜಿನ ಪಕ್ಕ ಹೋಗಿ ನಿಂತಳು. ನಮ್ಮಲ್ಲಿ ಒಂದು ಆರ್ಡರ್ ಮುಗಿಯುವ ಮೊದಲೇ ಅದೇ ಮೇಜಿನ ಮೇಲೆ ಇನ್ನೊಂದನ್ನು ಕಟ್ಟುವುದು ರೂಢಿ.

"ಒಂದು ಮುಗಿದ ಮೇಲೆ ಇನ್ನೊಂದು ಅಂದ್ಕೊಂಡೇ ಬರೆದಿದ್ದೆ ಅಣ್ಣಾ, ಎರಡು ಬೆರೆತಾಗ ಚೀಟಿ ಅದಲುಬದಲಾಗಿದೆ. ಆಗ ಆಫೀಸಲ್ಲೇ ಕೂತು ಮಾಡಿದ್ದು, ಇಲ್ಲಿ ಬಂದು ನೋಡ್ಲಿಲ್ಲ."

ಮಧ್ಯಾಹ್ನಕ್ಕೆ ಸರಿಮಾಡಿದಳು. ನಾನೇ ಪೆಟ್ಟಿಗೆ ಬಿಚ್ಚಿಸಿ ಚೀಟಿ ನೋಡಿದೆ, ಒಂದೂ ತಪ್ಪಿರಲಿಲ್ಲ. ಕತ್ತಿನ ಪಟ್ಟಿ ಸುಕ್ಕಿಲ್ಲದೆ ಕೂತಿತ್ತು. ಲಾರಿ ಹೊರಟಿತು.

ನೀವೂ ಯಾರನ್ನಾದರೂ ಕರೆಸುವಾಗ ಕಾರ್ಡು ಓದಬೇಡಿ. ಕೆಟ್ಟದ್ದನ್ನು ಮುಂದಿಟ್ಟು, ಅವರು ಮೊದಲು ಎಲ್ಲಿ ಹೋಗಿ ನಿಲ್ಲುತ್ತಾರೆ ನೋಡಿ.

ಹೊಸ ಆರ್ಡರಿಗೆ ಪ್ರೋಗ್ರಾಂ ಬದಲಿಸಬೇಕಾದಾಗ ಅವಳನ್ನೇ ಕೇಳಿದೆ. ಮ್ಯಾನೇಜರ್ ಅಂದ: "ಅವರೀಗ ಟೀಮ್ ಲೀಡ್. ಲೀಡ್ ಆದವರು ಫ್ಯಾಕ್ಟರಿಗೆ ಬರೋದಿಲ್ಲ. ಜೂನಿಯರ್ ಕಳಿಸ್ತೀವಿ."

ಹಣೆ ಚಚ್ಚಿಕೊಂಡೆ. "ಅವಳನ್ನೇ ಜೂನಿಯರ್ ಅಂತ ಹೇಳಿ ಕಳಿಸಿ. ದರ ಬೇಕಾದ್ರೆ ಸೀನಿಯರದೇ ಹಾಕಿ!"

ಈ ಸಲ ಅವನು ಒಂದೇ ಮಾತಿಗೆ ಒಪ್ಪಲಿಲ್ಲ.