ಹಿಂದಿನ ಸಾಲಿನ ರಂಗಿ

ನನಗೆ ಹಾಡಲು ಬರುವುದಿಲ್ಲ. ಇದನ್ನು ಇಷ್ಟು ನೇರವಾಗಿ ಒಪ್ಪಿಕೊಳ್ಳುವುದಕ್ಕೆ ಅರವತ್ತಾರು ವರ್ಷ ಹಿಡಿಯಿತು. ಅಲ್ಲಿಯವರೆಗೆ ಮಂಗಳಾರತಿಯಲ್ಲಿ, ಮದುವೆಮನೆಯಲ್ಲಿ, ಶಾಲೆಯ ಧ್ವಜವಂದನೆಯಲ್ಲಿ ಎಲ್ಲರ ಜೊತೆ ತುಟಿ ಆಡಿಸುತ್ತಾ ನಿಂತಿದ್ದೇನೆ. ಮೇಲಿನ ಸ್ವರ ಬಂದಾಗ ಹುಬ್ಬು ಹಾರಿಸಬೇಕು, ಕೆಳಗಿನದು ಬಂದಾಗ ಗದ್ದ ಇಳಿಸಬೇಕು. ಪಕ್ಕದವನ ದನಿ ನಮ್ಮ ಬಾಯಿಂದಲೇ ಬರುತ್ತಿದೆ ಎಂದು ಎದುರಿನವರು ನಂಬಿಬಿಡುತ್ತಾರೆ. ನಂಬದೆ ಹೋದವಳು ನನ್ನ ಹೆಂಡತಿ ಒಬ್ಬಳೇ. ಮದುವೆಯಾದ ವಾರದೊಳಗೆ ಅವಳು ಗುಟ್ಟು ಹಿಡಿದಳು. ಪಾಪ, ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಇಂಥ ನನ್ನ ಕೈಗೆ ಕೊಳಾಲದ ಹೈಸ್ಕೂಲಿನಲ್ಲಿ ಪ್ರಾರ್ಥನಾ ತಂಡವನ್ನು ಒಪ್ಪಿಸಿದ್ದರು. ಶಾಲೆಯ ಹಾರ್ಮೋನಿಯಂ ಭೂಪಟಗಳ ಬೀರುವಿನಲ್ಲಿತ್ತು. ಬೀರುವಿನ ಬೀಗದ ಕೈ ಸಮಾಜ ಪಾಠದ ಮೇಷ್ಟ್ರಾದ ನನ್ನ ಜೇಬಿನಲ್ಲಿತ್ತು. ನಮ್ಮ ಶಾಲೆಗಳಲ್ಲಿ ಬೀಗದ ಕೈ ಯಾರ ಹತ್ತಿರ ಇದೆಯೋ ವಿದ್ಯೆಯೂ ಅವರ ಹತ್ತಿರವೇ ಇದೆ ಎಂದು ಲೆಕ್ಕ. ಹಾಗಾಗಿ ನಾನು ಸಂಗೀತದ ಮೇಷ್ಟ್ರೂ ಆದೆ.

ಆಗ ಒಂಬತ್ತನೇ ಕ್ಲಾಸಿನಲ್ಲಿದ್ದವಳು ರಂಗಮ್ಮ. ಪಾವಗಡದ ಕಡೆ, ನಿಡುಗಲ್ ಬೆಟ್ಟದ ಬುಡದ ಊರು ಅವಳದು. ಓದಲೆಂದು ಕೊಳಾಲದ ಚಿಕ್ಕಮ್ಮನ ಮನೆಯಲ್ಲಿದ್ದಳು. ಎಲ್ಲರೂ ಅವಳನ್ನು ರಂಗಿ ಎನ್ನುತ್ತಿದ್ದರು, ಪ್ರೀತಿಗಿಂತ ತಾತ್ಸಾರವೇ ಹೆಚ್ಚು. ಶೇಂಗಾ ಹೊಲದಲ್ಲಿ ಹಂದಿ ಓಡಿಸಿ ಬೆಳೆದ ಗಂಟಲು ಅದು. ದಪ್ಪ, ಒರಟು, ಬೇಲಿ ಹಾರಿ ಹೋಗುವ ದನಿ. ಪ್ರಾರ್ಥನೆಗೆ ಅವಳು ಬಾಯಿ ತೆಗೆದರೆ ಮಿಕ್ಕ ಹನ್ನೊಂದು ಹುಡುಗಿಯರು ಇದ್ದಾರೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕೊರಟಗೆರೆಯಲ್ಲಿ ತಾಲ್ಲೂಕು ಮಟ್ಟದ ಗೀತಗಾಯನ ಸ್ಪರ್ಧೆ ಬಂತು. ನಾನು ರಂಗಿಯನ್ನು ಹಿಂದಿನ ಸಾಲಿಗೆ ಕಳಿಸಿ, “ನೀನು ದನಿ ಬಿಡಬೇಡಮ್ಮ, ಬರೀ ತುಟಿ ಆಡಿಸು ಸಾಕು” ಎಂದೆ. ಅವಳು ಹಾಗೇ ಮಾಡಿದಳು. ನಮಗೆ ಎರಡನೇ ಬಹುಮಾನ ಬಂತು. ಊರಿಗೆ ಬರುವ ಬಸ್ಸಿನಲ್ಲಿ ಎಲ್ಲರೂ ಹಾಡಿದರು, ರಂಗಿ ಹಾಡಲಿಲ್ಲ. ಅದು ಆಗ ನನಗೆ ಅಷ್ಟಾಗಿ ಹೊಳೆಯಲಿಲ್ಲ. ಕೆಟ್ಟತನದಿಂದ ಹೇಳಿದ ಮಾತಂತೂ ಅಲ್ಲ; ಸಂಗೀತದಲ್ಲಿ ನನಗೆ ಬರುತ್ತಿದ್ದದ್ದು ಅದೊಂದೇ ವಿದ್ಯೆ, ಅದನ್ನೇ ಅವಳಿಗೂ ಕಲಿಸಿದೆ.

ಮುಂದಿನದು ನಮ್ಮ ನಾಲ್ಕು ತಾಲ್ಲೂಕಿಗೂ ಗೊತ್ತಿರುವ ಕತೆ. ರಂಗಿ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದಳು, ಅದೂ ನನ್ನದೇ ಪಾಠದಲ್ಲಿ. ಗಾರ್ಮೆಂಟ್ ಫ್ಯಾಕ್ಟರಿಗೆ ಸೇರಿದಳು. ಬೆಳಗಿನ ಕಿಕ್ಕಿರಿದ ವ್ಯಾನಿನಲ್ಲಿ ಹೆಣ್ಣುಮಕ್ಕಳ ನಿದ್ದೆ ಬಿಡಿಸಲೆಂದು ತಾನೇ ಹಾಡು ಕಟ್ಟಿ ಹಾಡುತ್ತಿದ್ದಳಂತೆ. ವ್ಯಾನಿನ ಡ್ರೈವರ್‌ನ ಭಾವಮೈದ ಮಧುಗಿರಿಯಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದ. ಒಂದು ದಿನ ಅವನ ಗಾಯಕಿ ಕೈಕೊಟ್ಟಳು, ವ್ಯಾನಿನಿಂದ ರಂಗಿಯನ್ನು ಇಳಿಸಿ ಸ್ಟೇಜ್ ಹತ್ತಿಸಿದರು. ಅವಳು ಹಾಡಿದ್ದು ವ್ಯಾನಿನ ಹಾಡನ್ನೇ:

“ಕಿಟಕಿ ಪಕ್ಕ ನಂದು ಕಣ್ಲಾ,
ಸರ್ಕೊಂಡು ಕೂರು ನೀನು ಕಣ್ಲಾ.”

ಅಷ್ಟೇ. ಅದರಲ್ಲಿ ಏನಿದೆ ಎಂದು ಕೇಳಬೇಡಿ. ಹುಟ್ಟಿದಾರಭ್ಯ ಸರಿದು ಕೂತ ಹೆಣ್ಣುಮಕ್ಕಳನ್ನು ಕೇಳಿ, ಅವರು ಹೇಳುತ್ತಾರೆ. ಯಾರೋ ಫೋನಿನಲ್ಲಿ ಹಿಡಿದದ್ದು ಊರೂರು ಸುತ್ತಿತು. ಪೋಸ್ಟರಿನ ಮೇಲೆ ಬೇರೆ ಚಂದದ ಹೆಸರು ಹಾಕೋಣ ಎಂದವರಿಗೆ ಅವಳು ಒಪ್ಪಲಿಲ್ಲ. ಊರು ತಾತ್ಸಾರಕ್ಕೆ ಕರೆದ ಹೆಸರಿಗೇ ದೀಪದ ಸರ ಹಾಕಿಸಿದಳು. ‘ಪಾಪ್ ಗಾಯಕಿ ರಂಗಿ.’ ಮಧುಗಿರಿಯಲ್ಲಿ ಪೂರ್ತಿ ಕನ್ನಡ, ಪಾವಗಡಕ್ಕೆ ಹೋದರೆ ಎರಡನೇ ಚರಣ ತೆಲುಗು, ಶಿರಾದಲ್ಲಿ ಶುರುವಿಗೇ ‘ಭಾಯಿಜಾನ್’. ರಾಯಚರ್ಲುವಿನಲ್ಲಿ ಸೋಲಾರ್ ಹಲಗೆಗಳ ನಡುವೆ ಹಾಡಿದಾಗ, ಸೂರ್ಯನಿಗೇ ಸರ್ಕೊಂಡು ಕೂರು ಎಂದಳಂತೆ.

ನಾನು ಸುಮ್ಮನಿದ್ದೆನೇ? ಮಧುಗಿರಿಯ ಟೀ ಅಂಗಡಿಯಲ್ಲಿ ಕೂತು, “ನನ್ನ ಕೈಯಲ್ಲಿ ತಯಾರಾದ ಕಂಠ” ಎಂದು ಹೇಳಿಕೊಂಡು ತಿರುಗಿದೆ. ಮೊದಲ ಸಲ ಹೇಳುವಾಗ ನಾಲಿಗೆ ಸ್ವಲ್ಪ ತೊಡರಿತು, ಹತ್ತನೇ ಸಲಕ್ಕೆ ನಾನೇ ನಂಬಿದೆ. ಸುಳ್ಳಿಗೂ ರಿಯಾಜ್ ಬೇಕು.

ಅವಳ ಪೋಸ್ಟರಿನಲ್ಲಿ ಹೆಸರಿನ ಹಿಂದೆ ‘ಗಾನಕೋಗಿಲೆ’ ಎಂದು ಬೇರೆ ಹಾಕುತ್ತಿದ್ದರು. ನಮ್ಮವರು ಹಾಡುವ ಹೆಂಗಸನ್ನು ಕಂಡರೆ ಮೊದಲು ಕೋಗಿಲೆ ಮಾಡುತ್ತಾರೆ, ಆಮೇಲೆ ಹಾಡು ಕೇಳುತ್ತಾರೆ. ನಮ್ಮ ಜೀವಶಾಸ್ತ್ರದ ಮೇಷ್ಟ್ರು ಒಮ್ಮೆ ಹೇಳಿದ್ದರು: ಮರದಲ್ಲಿ ಕುಹೂ ಎನ್ನುವುದು ಗಂಡು ಕೋಗಿಲೆ, ಹೆಣ್ಣಿನದು ಕಿಕ್ ಕಿಕ್ ಎನ್ನುವ ಒರಟು ಕೂಗು. ಕವಿಗಳು ಇಷ್ಟು ಶತಮಾನ ವಿಳಾಸ ತಪ್ಪಿ ಹೊಗಳಿದ್ದಾರೆ. ಅಂದ ಮೇಲೆ ನಿಜವಾದ ಹೆಣ್ಣು ಕೋಗಿಲೆ ನಮ್ಮ ಭಾಗದಲ್ಲಿ ರಂಗಿ ಒಬ್ಬಳೇ. ಅವಳನ್ನು ಹಿಂದಿನ ಸಾಲಿಗೆ ಕಳಿಸಿ ನಾನು ಹುಡುಕುತ್ತಿದ್ದದ್ದು ಗಂಡು ಕೋಗಿಲೆಯನ್ನು ಎಂದಾಯಿತು.

ಹೋದ ವರ್ಷ ಆ ಗಂಟಲು ಕೈಕೊಟ್ಟಿತು. ಒಳಗೆ ಗಂಟು, ಆಪರೇಷನ್. ಮೂರು ತಿಂಗಳು ಪಿಸುಮಾತೂ ಆಡಕೂಡದು ಎಂದು ಡಾಕ್ಟರು ಹೇಳಿದ್ದರು. ಮತ್ತೆ ಹಾಡುತ್ತಾಳೋ ಇಲ್ಲವೋ ಎಂಬುದನ್ನು ಅವರೂ ಹೇಳಲಿಲ್ಲ. ಸ್ಲೇಟಿನ ಮೇಲೆ ಬರೆದು ತೋರಿಸುತ್ತಾ ಕಾಲ ಹಾಕುತ್ತಿದ್ದಾಳೆ ಎಂದು ಕೇಳಿದೆ. ನೋಡಿಬರಲು ಎರಡು ಸಲ ಹೊರಟು ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದೆ. ಆ ಸ್ಲೇಟಿನ ಮೇಲೆ ಅವಳು ನನಗೆ ಏನು ಬರೆದಾಳು ಎಂಬ ಭಯ.

ಈಗ ನಮ್ಮ ಸೀಮೆಯಲ್ಲಿ ಗುರುವಂದನೆಯ ಸುಗ್ಗಿ. ಹಳೇ ವಿದ್ಯಾರ್ಥಿಗಳು ವಾಟ್ಸಾಪಿನಲ್ಲಿ ಗುಂಪು ಕಟ್ಟಿ, ಬದುಕಿರುವ ಮೇಷ್ಟ್ರುಗಳನ್ನೆಲ್ಲ ಒಟ್ಟುಹಾಕಿ, ಪೇಟ ತೊಡಿಸಿ ಹಣ್ಣಿನ ಬುಟ್ಟಿ ಕೊಡುತ್ತಾರೆ. ಕೆಲವು ಕಡೆ ಪಾದಪೂಜೆಯೂ ಉಂಟು. ಉಂಟು ಎಂದು ತಿಳಿದ ದಿನದಿಂದ ನಾವು ಬಚ್ಚಲಲ್ಲಿ ಹಿಮ್ಮಡಿ ಉಜ್ಜಿಕೊಳ್ಳಲು ಶುರು ಮಾಡುತ್ತೇವೆ. ಕೊಳಾಲದ ಹೈಸ್ಕೂಲಿನವರೂ ಕರೆದರು. ಕರೆಯೋಲೆಯಲ್ಲಿ ನನ್ನ ಹೆಸರಿನ ಕೆಳಗೇ ‘ರಂಗಿಯವರಿಂದ ಗಾಯನ’ ಎಂದಿತ್ತು. ನಾನು ಹಿಮ್ಮಡಿಯನ್ನು ಉಜ್ಜಿದೆ, ಎದೆಯನ್ನು ಉಜ್ಜುವ ಕಲ್ಲು ಬಚ್ಚಲಲ್ಲಿ ಇರಲಿಲ್ಲ.

ಬೆಳಗ್ಗೆ ಹನ್ನೊಂದಕ್ಕೆ ಶಾಲೆಯ ಅಂಗಳದ ಶಾಮಿಯಾನ ತುಂಬಿತ್ತು. ಸ್ಟೇಜಿನ ಹಿಂದೆ ನಾನು ಪೇಟ ಸರಿಮಾಡಿಕೊಳ್ಳುತ್ತಿದ್ದೆ. ರಂಗಿ ಬಂದಳು. ಸಾದಾ ಸೀರೆ, ಕತ್ತಿಗೆ ಮಫ್ಲರ್. ಕೈ ಮುಗಿದಳು. ಅವಳ ಜೊತೆ ಓದಿದ ಶಿವಣ್ಣ, ಈಗ ಕೊರಟಗೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವವನು, ಅವತ್ತಿನ ಕಾರ್ಯಕ್ರಮದ ಯಜಮಾನ. ಅವನು ನಿಜವಾದ ಕಾಳಜಿಯಿಂದಲೇ ಹೇಳಿದ: “ಗಂಟ್ಲು ಹೆಂಗೈತೋ ಏನೋ, ರಿಸ್ಕ್ ಬ್ಯಾಡ ಕಣಮ್ಮ. ಹಳೇ ಟ್ರ್ಯಾಕ್ ಹಾಕ್ತೀವಿ. ನೀನು ಬರೀ ತುಟಿ ಆಡ್ಸು, ಸಾಕು.”

ರಂಗಿ ಅವನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಚೆನ್ನಾಗಿ ಉಜ್ಜಿದ ನನ್ನ ಪಾದಗಳನ್ನು ನೋಡಿಕೊಂಡೆ.

ನನ್ನ ಭಾಷಣದ ಚೀಟಿಯಲ್ಲಿ ‘ನಾನು ತಿದ್ದಿದ ಕಂಠ’ ಎಂಬ ವಾಕ್ಯ ಎರಡು ಕಡೆ ಇತ್ತು. ಮೈಕಿನ ಮುಂದೆ ನಿಂತಾಗ ಚೀಟಿ ಜೇಬಿನಿಂದ ಆಚೆ ಬರಲಿಲ್ಲ. ಎಲ್ಲರಿಗೂ ಒಳ್ಳೆಯದಾಗಲಿ ಎಂದಷ್ಟೇ ಹೇಳಿ ಕೂತುಬಿಟ್ಟೆ. ಅವತ್ತಿನ ಭಾಷಣಗಳಲ್ಲಿ ಅತಿ ದೊಡ್ಡ ಚಪ್ಪಾಳೆ ಬಿದ್ದದ್ದು ಈ ಚುಟುಕು ಭಾಷಣಕ್ಕೇ.

ರಂಗಿಯ ಸರದಿ ಬಂತು. ಟ್ರ್ಯಾಕಿನ ಡೋಲು ಶುರುವಾಯಿತು. ಅವಳು ಕೈ ಎತ್ತಿ ನಿಲ್ಲಿಸಿದಳು. ಮಫ್ಲರ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು.

“ಟ್ರ್ಯಾಕ್ ಬ್ಯಾಡ. ಹಾಡಬೌದು ಅಂತ ಡಾಕ್ಟ್ರು ಹೇಳಿ ಎರಡು ವಾರ ಆತು. ಇನ್ನೂ ಯಾರ ಮುಂದೂ ಬಾಯಿ ತಗ್ದಿಲ್ಲ, ಭಯ. ಬಂದ್ರೆ ಬತ್ತದೆ, ಇಲ್ಲಾಂದ್ರೆ ಇಲ್ಲ. ಇದೇ ಇಸ್ಕೂಲಾಗೆ ಇದ್ದಾಗ ಒಂದ್ ಸಲ ತುಟಿ ಆಡ್ಸಿದೀನಿ. ಇನ್ನೊಂದ್ ಸಲ ಆಡ್ಸಾಕಿಲ್ಲ.”

ಯಾರು ಹೇಳಿ ಆಡಿಸಿದ್ದು ಎಂದು ಅವಳು ಹೇಳಲಿಲ್ಲ. ಹೇಳಿದ್ದರೇ ನನಗೆ ಹಗುರವಾಗುತ್ತಿತ್ತೇನೋ.

ಹಾಡಿದಳು. ಮೊದಲ ಸಾಲು ಹೇಗೋ ನಿಂತಿತು. ಎರಡನೆಯದರಲ್ಲಿ ‘ಕಣ್ಲಾ’ ಎಂದು ಮೇಲಕ್ಕೆ ಎಳೆಯುವ ಜಾಗದಲ್ಲಿ ದನಿ ಸೀಳಿ, ಬರೀ ಗಾಳಿ ಬಂತು. ಮತ್ತೆ ಪ್ರಯತ್ನಿಸಿದಳು. ಮತ್ತೆ ಗಾಳಿ. ಅವಳ ಕಣ್ಣಲ್ಲಿ ನೀರು ತುಂಬಿದ್ದು ಸ್ಟೇಜಿನ ಮೇಲಿದ್ದ ನಮಗೆ ಕಾಣಿಸಿತು. ದೇವರೇ, ಈ ಒಂದು ಸಲ ಎಂದು ನಾನು ಹಣ್ಣಿನ ಬುಟ್ಟಿಯನ್ನು ಅವುಚಿ ಹಿಡಿದೆ.

ಆಗ ಅಡುಗೆ ಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಬಿಸಿಯೂಟದ ಪುಟ್ಟಮ್ಮ ಹಾಡನ್ನು ಎತ್ತಿಕೊಂಡಳು, ಮನೆಯಲ್ಲಿ ತನ್ನಷ್ಟಕ್ಕೆ ಹಾಡಿಕೊಳ್ಳುವ ತಗ್ಗು ಶ್ರುತಿಯಲ್ಲಿ: “ಕಿಟಕಿ ಪಕ್ಕ ನಂದು ಕಣ್ಲಾ.” ಮುಂದಿನ ಸಾಲಿನ ಹೆಂಗಸರು ಸೇರಿದರು, ಆಮೇಲೆ ಹಿಂದಿನವರು. ರಂಗಿ ಒಂದು ಗಳಿಗೆ ಕೇಳಿಸಿಕೊಂಡಳು. ಆಮೇಲೆ ಅದೇ ತಗ್ಗಿಗೆ ಇಳಿದು ಸೇರಿಕೊಂಡಳು. ಅಲ್ಲಿ ದನಿ ನಿಂತಿತು. ಹಳೆಯ ದನಿಯಲ್ಲ, ಇನ್ನೂ ದಪ್ಪ, ಇನ್ನೂ ಒರಟು, ಆದರೆ ಅವಳದೇ. ಶಿವಣ್ಣ ಕೂಡ ಕಣ್ಣೊರೆಸಿಕೊಳ್ಳುತ್ತಾ ಹಾಡುತ್ತಿದ್ದ. ನನ್ನ ಅಕ್ಕಪಕ್ಕದ ಪೇಟಗಳೂ ಹಾಡುತ್ತಿದ್ದವು. ನಾನು ಅಭ್ಯಾಸದಂತೆ ಹುಬ್ಬು ಹಾರಿಸಿ ತುಟಿ ಆಡಿಸುತ್ತಿದ್ದೆ.

ರಂಗಿ ಹಾಡುತ್ತಲೇ ನಮ್ಮ ಸಾಲಿನ ಹತ್ತಿರ ಬಂದು ನನ್ನ ಮುಂದೆ ನಿಂತಳು. ಹೆಂಡತಿಯನ್ನು ಬಿಟ್ಟರೆ ಇಷ್ಟು ವರ್ಷ ಯಾರೂ ಹಿಡಿಯದ ಕಳ್ಳತನವನ್ನು ಅವಳು ಹಿಡಿದುಬಿಟ್ಟಿದ್ದಳು. ಆ ವಿದ್ಯೆ ಕಲಿತವಳಿಗೆ ತಾನೇ ಗೊತ್ತಾಗಬೇಕು. ಮೈಕನ್ನು ಕೈಯಿಂದ ಮುಚ್ಚಿ, ನನಗೆ ಮಾತ್ರ ಕೇಳುವಂತೆ ಹೇಳಿದಳು: “ಸಾ, ಬರೀ ತುಟಿ ಆಡುಸ್ತಾ ಇದ್ದೀರ. ದನಿ ಬುಡಿ.” ಮೈಕನ್ನು ನನ್ನ ಬಾಯಿಗೆ ಹಿಡಿದಳು.

ಬಿಟ್ಟೆ. ಅವತ್ತು ಕೊಳಾಲದಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಹಾಡಿದವನು ನಾನೇ, ಅದರಲ್ಲಿ ಎರಡು ಮಾತಿಲ್ಲ. ಯಾರೂ ನನ್ನನ್ನು ಹಿಂದಿನ ಸಾಲಿಗೆ ಕಳಿಸಲಿಲ್ಲ.