ಸುಮತಿ ಓದದೆ ಬಿಟ್ಟ ಪದ

ಹೊನ್ನಾವರದಲ್ಲಿ ಸಾಯಂಕಾಲ ಕೇಬಲ್ ಟೀವಿ ಹಾಕಿದವರಿಗೆಲ್ಲ ಸುಮತಿಯ ಮುಖ ಗೊತ್ತು. ಭಟ್ಕಳದಿಂದ ಕುಮಟಾದವರೆಗಿನ ಸುದ್ದಿಯನ್ನು ವರ್ಷಗಳಿಂದ ಓದುತ್ತ ಬಂದವಳು ಅವಳೇ. ಬಟ್ಟೆ ಅಂಗಡಿಯ ಮಾಳಿಗೆಯ ಮೇಲಿನ ಕಿಟಕಿಯಿಲ್ಲದ ಕೋಣೆಯೇ ಸ್ಟುಡಿಯೋ. ಓದುವಾಗ ಸದ್ದಾಗಬಾರದೆಂದು ಫ್ಯಾನ್ ನಿಲ್ಲಿಸಿ ಹೊರಗಿನಿಂದ ಬಾಗಿಲು ಹಾಕುತ್ತಿದ್ದರು. ಬೆವರು ಕತ್ತಿನಿಂದ ಬೆನ್ನಿಗಿಳಿದರೂ ಒರೆಸಿಕೊಳ್ಳುವಂತಿರಲಿಲ್ಲ. ಅವಳ ಕಾಲೇಜು ಓದಿಗೆ ಊರಿನಲ್ಲಿ ಸಿಗುವ ಇನ್ನೊಂದು ಕೆಲಸವಿರಲಿಲ್ಲ. ಇದನ್ನು ಬಿಟ್ಟರೆ ಮನೆಯಲ್ಲಿ ಕೂರಬೇಕು. ಅದು ಅವಳಿಗೂ ಗೊತ್ತಿತ್ತು, ಚಾನೆಲ್ಲಿನ ಯಜಮಾನ ಜಗದೀಶನಿಗೂ ಗೊತ್ತಿತ್ತು.

ಒಮ್ಮೆ ಮೀನುಪೇಟೆಯ ಹತ್ತಿರ ಯಾರೋ ಬೀದಿನಾಯಿಗಳಿಗೆ ವಿಷ ಹಾಕಿದರು. ಜಗದೀಶ ‘ನಾಯಿಗಳ ಮಾರಣಹೋಮ’ ಎಂದು ತಲೆಬರಹ ಕೊಟ್ಟ. ಅವಳು ಯೋಚಿಸದೆ ಓದಿದಳು. ಮರುದಿನ ಬೆಳಿಗ್ಗೆ ಕುಮಟಾ ಕಡೆಯ ತವರಿನಿಂದ ಅಪ್ಪ ಫೋನ್ ಮಾಡಿದರು. ರಾಮ ಭಟ್ಟರು ಪುರೋಹಿತರು; ಮಗಳ ಸುದ್ದಿಯನ್ನು ಒಂದು ದಿನವೂ ತಪ್ಪಿಸುವವರಲ್ಲ.

“ಆ ಶಬ್ದದ ಅರ್ಥ ಗೊತ್ತಿದ್ದಾ ನಿಂಗೆ?”

“ತುಂಬ ಜನರನ್ನ ಕೊಲ್ಲೂದು. ಅಲ್ದಾ ಅಪ್ಪಯ್ಯ?”

“ಈಗ ಹಂಗೆ ಆಯ್ದು. ಮೊದ್ಲು ವೈರಿ ಸಾಯವು ಹೇಳಿ ಗುಟ್ಟಾಗಿ ಮಾಡೂ ಹೋಮ ಅದು. ಮಾಡ್ಸವು ಹೇಳಿ ಒಬ್ಬ ಯನ್ನ ಹತ್ರವೂ ಬಂದಿದ್ದ. ಆನು ಮಾಡಿದ್ನಿಲ್ಲೆ.”

“ಹಂಗಾರೆ ನರಮೇಧ ಹೇಳಿರೆ?”

“ಅದೂ ಯಜ್ಞವೇಯ. ಆದರೆ ಕಂಬಕ್ಕೆ ಕಟ್ಟಿದವರನ್ನ ಕಡೆಗೆ ಬಿಚ್ಚಿ ಬಿಡವು ಹೇಳಿ ಗ್ರಂಥದಲ್ಲಿದ್ದು. ಈಗಿನವು ಬಿಚ್ಚತ್ವಿಲ್ಲೆ.”

ಕೊಲ್ಲುವುದಕ್ಕೂ ಜನ ಪೂಜೆಯ ಹೆಸರನ್ನೇ ಯಾಕೆ ಹುಡುಕಿದರು ಎಂದು ಅವಳು ಆ ದಿನವೆಲ್ಲ ಯೋಚಿಸಿದಳು.

ಆ ತಿಂಗಳೇ ದೂರದ ದೇಶವೊಂದರಲ್ಲಿ ಬಂದೂಕು ಹಿಡಿದವರು ಒಂದು ಊರಿಗೆ ನುಗ್ಗಿ, ಗಂಡಸರನ್ನೆಲ್ಲ ಶಾಲೆಯಲ್ಲಿ ಕೂಡಿಹಾಕಿ ಕೊಂದರು. ಸುಮತಿಯ ಕಾಲೇಜಿನ ಗೆಳತಿ, ಭಟ್ಕಳದ ಹತ್ತಿರದ ಜಾಲಿಯ ಫರ್ಹಾನಾ ಅಳುತ್ತ ಫೋನ್ ಮಾಡಿದಳು. ಅವಳ ತಮ್ಮ ಆ ಊರಿನ ಹೋಟೆಲ್ಲಿನಲ್ಲಿ ಅಡಿಗೆ ಮಾಡಿಕೊಂಡಿದ್ದ.

“ಅವನ ಫೋನ್ ಹತ್ತೂದೇ ಇಲ್ಲ. ಎಲ್ಲ ಚಾನೆಲ್ಲಲ್ಲೂ ಗಲಾಟೆ, ಸಾವು-ನೋವು ಅಂತಿದ್ದಾರೆ. ಸಂಜೆ ನೀನು ಓದೂದಲ್ವಾ? ನೀನಾದ್ರೂ ಸರಿಯಾಗಿ ಹೇಳು. ಅಮ್ಮ ಟೀವಿ ಮುಂದೇ ಕೂತಿದ್ದಾಳೆ.”

ಸುಮತಿ ‘ನರಮೇಧ’ ಎಂದು ಬರೆದುಕೊಂಡು ಹೋದಳು. ಜಗದೀಶ ಅದಕ್ಕೆ ಗೀಟು ಹೊಡೆದು ಮೇಲೆ ‘ಸಾವು-ನೋವು’ ಎಂದು ಬರೆದ.

“ಕೂಡಿಹಾಕಿ ಕೊಂದದ್ದಕ್ಕೆ ಮತ್ತೆಂತ ಹೇಳೂದು?” ಎಂದಳು.

“ನಾ ಇಲ್ಲ ಅಂದ್ನಾ ಸುಮತಕ್ಕ? ಆ ಶಬ್ದ ಹೇಳಿದ್ರೆ ಅರ್ಧ ಊರು ನಮ್ಮನ್ನ ಸತ್ತವರ ಕಡೆ ಅಂತದೆ. ನಂಗೆ ಎಲ್ಲಾ ಕೇರಿಗೂ ಕೇಬಲ್ ಎಳೀಬೇಕು.”

“ನಾಯಿಗೆ ಮಾರಣಹೋಮ ಹೇಳಿದ್ರಲ್ಲ?”

“ನಾಯಿಗೆ ಪಕ್ಷ ಇಲ್ಲ.”

ಬಾಗಿಲು ಹಾಕಿದರು. ಹೇಳಿಬಿಡುತ್ತೇನೆ ಎಂದು ಆ ಸಾಲು ಬರುವವರೆಗೂ ಅಂದುಕೊಂಡಿದ್ದಳು. ಬಾಗಿಲಿನ ಗಾಜಿನಾಚೆ ಜಗದೀಶ ಕೈಕಟ್ಟಿ ನಿಂತಿದ್ದ. ಸಾಲು ಬಂತು. ‘ಸಾವು-ನೋವು ಸಂಭವಿಸಿದೆ’ ಎಂದು ಓದಿದಳು.

“ಕೇಳಿದೆ. ಇರ್ಲಿ, ನಿನ್ನ ಕೈಲಿ ಎಂತ ಇದೆ?” ಎಂದಳು ಫರ್ಹಾನಾ ಆಮೇಲೆ ಫೋನಿನಲ್ಲಿ. ಬೈದಿದ್ದರೆ ವಾಸಿಯಿತ್ತು.

ತಮ್ಮ ಸತ್ತದ್ದು ಖಚಿತವಾಗುವ ಹೊತ್ತಿಗೆ ವಾರ ಕಳೆದಿತ್ತು. ಸುಮತಿಗೆ ಜಾಲಿಗೆ ಹೋಗಲು ಮುಖವಿರಲಿಲ್ಲ. ಆ ನಡುವೆ ಕುಮಟಾದಲ್ಲಿ ಕ್ರಿಕೆಟ್ ಪಂದ್ಯಾವಳಿ ನಡೆಯಿತು. ‘ಬೆಳಕೆ ತಂಡದಿಂದ ಬೌಲರ್‌ಗಳ ಮಾರಣಹೋಮ’ ಎಂದು ಬರೆದದ್ದು ಕೈಗೆ ಬಂತು. ‘ಬೌಲರ್‌ಗಳ’ ಎಂಬಲ್ಲಿಗೆ ಅವಳ ಬಾಯಿ ನಿಂತಿತು. ಮೂರು ತಾಲ್ಲೂಕಿನ ಮನೆಗಳಲ್ಲಿ ಅವಳು ಸುಮ್ಮನೆ ಎದುರು ನೋಡುತ್ತ ಕೂತದ್ದು ಕಂಡಿತು. ಕೊನೆಗೆ, “ಬೆಳಕೆಯವರು ಚೆನ್ನಾಗಿ ಆಡಿ ಗೆದ್ದರು” ಎಂದು ಮುಂದಿನ ಸುದ್ದಿಗೆ ಹೋದಳು.

“ಎಂತ ಆತು? ಕಣ್ಣು ಮಂಜಾತಾ?” ಎಂದು ಸುದ್ದಿ ಮುಗಿದ ಮೇಲೆ ಜಗದೀಶ ಬಾಗಿಲು ತೆಗೆದ.

“ಇಲ್ಲ. ಆ ಪದ ಇನ್ನು ನಾನು ಓದೂದಿಲ್ಲ. ನಾಯಿಗೂ ಇಲ್ಲ, ಕ್ರಿಕೆಟ್ಟಿಗೂ ಇಲ್ಲ.”

“ಅಷ್ಟೇ ಅಲ್ವಾ? ಆತು.”

ಅವನು ಅಷ್ಟು ಸಲೀಸಾಗಿ ಒಪ್ಪಿದ್ದು ಅವಳಿಗೆ ಚುಚ್ಚಿತು. ಅಂಥ ಪದ ಸಲ್ಲಬೇಕಾದ ಕಡೆ ಹೇಳಲಿಕ್ಕೆ ಅವಳಿಂದ ಆಗಿರಲಿಲ್ಲ. ಸಲ್ಲದ ಕಡೆ ಬಿಟ್ಟದ್ದರಿಂದ ಅವನಿಗೆ ಕಳೆದುಕೊಳ್ಳುವುದೇನೂ ಇರಲಿಲ್ಲ.

ಭಾನುವಾರ ಅವಳು ಬಸ್ಸು ಹತ್ತಿ ಜಾಲಿಗೆ ಹೋದಳು. ಫರ್ಹಾನಾ ಏನೂ ಕೇಳದೆ ಒಳಗೆ ಕರೆದಳು. ಅವಳ ತಾಯಿ ಟೀವಿಯಲ್ಲಿ ನೋಡಿದ ಮುಖವನ್ನು ಗುರುತು ಹಿಡಿದು, ಸರಿದು ಪಕ್ಕದಲ್ಲಿ ಜಾಗ ಕೊಟ್ಟಳು. ಕೊಂಕಣಿಯನ್ನೇ ಹೋಲುವ ತಮ್ಮ ನವಾಯತಿ ಮಾತಿನಲ್ಲಿ ಏನೋ ಕೇಳಿದಳು. ನೆರೆಮನೆಯವರಿಂದ ಕೊಂಕಣಿ ಕಲಿತಿದ್ದ ಸುಮತಿಗೆ, ಫರ್ಹಾನಾ ಕನ್ನಡದಲ್ಲಿ ಹೇಳುವ ಮೊದಲೇ ಅರ್ಧ ತಿಳಿಯಿತು.

“ನಿಮ್ಮಲ್ಲಿಗೆ ಎಲ್ಲ ಸುದ್ದಿ ಬರ್ತದಲ್ಲ, ಅವನನ್ನ ಎಲ್ಲಿ ಮಣ್ಣು ಮಾಡಿದ್ರು ಅಂತ ಬಂದಿದ್ಯಾ, ಕೇಳ್ತಿದ್ದಾಳೆ.”

ಆ ದೇಶದ ಸುದ್ದಿ ಸ್ಟುಡಿಯೋಕ್ಕೆ ಬರುವುದು ನಿಂತು ಎಷ್ಟೋ ದಿನಗಳಾಗಿದ್ದವು. ವಿಚಾರಿಸ್ತೇನೆ ಎಂದಳು ಸುಮತಿ. ಯಾರನ್ನು ವಿಚಾರಿಸಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಮುದುಕಿ ಅವಳ ಕೈ ಹಿಡಿದುಕೊಂಡಳು, ಬಿಡಲಿಲ್ಲ. ಸುಮತಿಯೂ ಬಿಡಿಸಿಕೊಳ್ಳಲಿಲ್ಲ.